ಡಾಕ್ಟರಮ್ಮನ ತುರುಬು

ಚಾಮರಾಜನಗರದಲ್ಲಿ ಜೈಲಿನಿಂದ ಬರುವ ಮನೋರೋಗಿಗಳಿಗೆಂದೇ ಇದ್ದ ನಮ್ಮ ವಾರ್ಡಿಗೆ ಆ ಡಾಕ್ಟರಮ್ಮನೇ ಮುಖ್ಯಸ್ಥೆ. ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಂಡು ಮೇಜೆಲ್ಲ ತಡಕಾಡುವವರು. ದಿನಾ ಬೆಳಿಗ್ಗೆ ನರ್ಸುಗಳಾದ ನಮಗೆ ಅದೇ ಪ್ರಶ್ನೆ: “ಮಾತ್ರೆ ಆಯ್ತು, ಇವ್ರ ಕೈಗೇನು ಕೆಲ್ಸ?”

ಗುಂಡ್ಲುಪೇಟೆಯಲ್ಲಿ ಸಲೂನ್ ಇಟ್ಟಿದ್ದವನೊಬ್ಬ ವಾರ್ಡಿಗೆ ಬಂದಾಗಿನಿಂದ ಬಾಯಿಬಿಟ್ಟಿರಲಿಲ್ಲ. ಒಂದು ದಿನ ಡಾಕ್ಟರಮ್ಮ ತುರುಬು ಬಿಚ್ಚಿ, ಅವನ ಕೈಗೆ ಕತ್ತರಿ ಕೊಟ್ಟು, ಕುರ್ಚಿಯಲ್ಲಿ ಕೂತೇಬಿಟ್ಟರು.

“ಬ್ಯಾಡಿ ಮೇಡಮ್ಮೋರೆ, ಕುತ್ಗೆಗೇ ಆಕ್ಬುಟ್ಟಾನು!” ಎಂದು ಕಾವಲಿನ ಪೊಲೀಸಪ್ಪ ಓಡಿಬಂದ.

ಡಾಕ್ಟರಮ್ಮ ಪೊಲೀಸಪ್ಪನತ್ತ ತಿರುಗಿದರು.

“ಅಲ್ಲಾಡ್ಬ್ಯಾಡಿ ಕಣಕ್ಕಾ, ಸೊಟ್ಟಾಗೋಯ್ತದೆ” ಎಂದಿತು ಹಿಂದಿನಿಂದ ನಾವು ಕೇಳಿರದ ದನಿ.

ತುದಿ ಸಮ ಮಾಡುತ್ತ ಮಾಡುತ್ತ ತುರುಬೇ ಹೋಯಿತು. ಮರುದಿನ ಡಾಕ್ಟರಮ್ಮನ ಪೆನ್ನು ಕಿವಿಯ ಮೇಲಿತ್ತು. ಆ ಕುರ್ಚಿಯಲ್ಲಿ ಪೊಲೀಸಪ್ಪ ಟೋಪಿ ತೆಗೆದು ಅಲ್ಲಾಡದೆ ಕೂತಿದ್ದ.