ಖಾಲಿ ಮರಳುತ್ತಿದ್ದ ವ್ಯಾನಿನಲ್ಲಿ ಕೆಂಪು ಬಾಳೆಹಣ್ಣು

ಇವತ್ತು ಕಮಲಾಪುರದಲ್ಲಿ ನಮ್ಮ ಪಾರ್ಸಲ್ ವ್ಯಾನಿನ ಮುಂದೆ ದೊಡ್ಡ ಜಗಳವೇ ಆಯಿತು, ಗೆಳೆಯರೇ.

ನಾನು ಕೆಲಸ ಮಾಡುವ ಕಪನೂರಿನ ಗೋದಾಮಿನಲ್ಲಿ, ನಮ್ಮ ಗಾಡಿಗಳನ್ನೂ ಅವು ಓಡಾಡುವ ರಸ್ತೆಗಳನ್ನೂ ಇದ್ದ ಹಾಗೇ ಕಂಪ್ಯೂಟರಿನೊಳಗೆ ಕಟ್ಟಿದ್ದೇವೆ. ಅದಕ್ಕೆ ಡಿಜಿಟಲ್ ಟ್ವಿನ್ ಎನ್ನುತ್ತಾರೆ. ಯಾವ ಬದಲಾವಣೆಯನ್ನೂ ಮೊದಲು ಅಲ್ಲಿ ಓಡಿಸಿ ನೋಡುತ್ತೇವೆ. ಕಮಲಾಪುರಕ್ಕೆ ಪಾರ್ಸಲ್ ಒಯ್ಯುವ ವ್ಯಾನು ದಿನಾ ಖಾಲಿ ಮರಳುವುದು ಕಣ್ಣಿಗೆ ಬಿದ್ದದ್ದು ಅಲ್ಲೇ. ಅಲ್ಲಿನ ಕೆಂಪು ಬಾಳೆ ಬೆಳೆಗಾರ್ತಿ ಶಿವಲೀಲಾ ಅವರು ನಮ್ಮ ಊರಿನ ಜೇವರ್ಗಿ ಕಾಲೋನಿಯ ಅಂಗಡಿಗಳಿಗೆ ಬೇರೆ ಟೆಂಪೊದಲ್ಲಿ ಹಣ್ಣು ಕಳಿಸುತ್ತಿದ್ದರು. ಇವತ್ತಿನಿಂದ ನಮ್ಮ ವ್ಯಾನಿನಲ್ಲೇ ಕಳಿಸಿ ಎಂದೆವು. ಮೊದಲ ದಿನವೆಂದು ನಾನೂ ಹೋಗಿದ್ದೆ.

ಡ್ರೈವರ್ ರಾಜಪ್ಪ ವ್ಯಾನಿನ ಬಾಗಿಲಿಗೆ ಅಡ್ಡ ನಿಂತ. "ಕಲೆ ಹತ್ತಿದ್ರ ಬೈಸ್ಕೊಳ್ಳಾಂವ ನಾನು. ಪಾರ್ಸಲ್ ಗಾಡ್ಯಾಗ ಬಾಳೆಹಣ್ಣು ಹೇರಿದ್ರ ಮಂದಿ ಏನಂತಾರ್ರೀ?"

"ಖಾಲಿ ಗಾಡಿ ಹೊಗಿ ಬಿಟ್ಕೋತ ಹೋದ್ರ ಮಂದಿ ಏನೂ ಅನ್ನಂಗಿಲ್ಲೇನು?" ಎಂದರು ಶಿವಲೀಲಾ. ಮನೆಯಿಂದ ಹಳೆಯ ಕೌದಿ ತಂದು ವ್ಯಾನಿನೊಳಗೆ ಹಾಸಿದರು. "ಈಗ ಹೇಳ್ರಿ, ಕಲೆ ಎಲ್ಲಿ ಹತ್ತತದ?"

ರಾಜಪ್ಪ ಕೌದಿಯನ್ನು ನೋಡಿದ, ಅವರನ್ನು ನೋಡಿದ. ಆಮೇಲೆ ತಾನೇ ಹಣ್ಣಿನ ಬುಟ್ಟಿ ಎತ್ತಿಟ್ಟ.

ಮಧ್ಯಾಹ್ನದೊಳಗೆ ಹಣ್ಣು ಒಂದೂ ನಜ್ಜಾಗದೆ ಅಂಗಡಿ ಸೇರಿತು. ರಸ್ತೆಯಲ್ಲಿ ಹೊಗೆ ಉಗುಳುವ ಟೆಂಪೊ ಒಂದು ಕಡಿಮೆಯಾಯಿತು. ಶಿವಲೀಲಾ ಫೋನ್ ಮಾಡಿ, "ನಾಳೆನೂ ಗಾಡಿ ಬರ್ತದಲ್ರೀ?" ಎಂದಾಗ ನನ್ನ ಕೈಯಿಂದ ಫೋನ್ ಕಸಿದು "ಬರ್ತದ್ರಿ ಅಕ್ಕಾ" ಎಂದವನು ರಾಜಪ್ಪನೇ.

ಕಂಪ್ಯೂಟರ್ ಹೇಳಿದ್ದಕ್ಕಿಂತ ತುಸು ತಡವಾಗಿ ತಲುಪಿದೆವು, ನಿಜ. ಶಿವಲೀಲಾ ತಿನ್ನಲೆಂದು ಕೊಟ್ಟ ಹಣ್ಣನ್ನು ರಾಜಪ್ಪ ದಾರಿಯಲ್ಲಿ ಗಾಡಿ ನಿಲ್ಲಿಸಿ, ಬೇವಿನ ನೆರಳಲ್ಲಿ ಸಮಾಧಾನವಾಗಿ ತಿಂದ. ಕಂಪ್ಯೂಟರಿನೊಳಗಿನ ಡ್ರೈವರನಿಗೆ ಹಸಿವೆಯೇ ಆಗುವುದಿಲ್ಲ. ನಾಳೆ ಅವನಿಗೂ ಸ್ವಲ್ಪ ಹಸಿಯುವುದನ್ನು ಕಲಿಸಬೇಕು.