ನಾಲ್ಕು ಗಿರಾಕಿಗಳು, ಒಂದು ಗಂಟಲು

ನಮ್ಮ ದೊಡ್ಡಮ್ಮ ಮೆಟ್ಟಿಲಿಳಿಯುವುದನ್ನು ನನ್ನಷ್ಟು ಚೆನ್ನಾಗಿ ಮಾಡಿ ತೋರಿಸುವವರು ಚೆನ್ನೈಯಲ್ಲಿ ಇನ್ನೊಬ್ಬರಿಲ್ಲ. ಅವರ ಎರಡು ಮಂಡಿಯೂ ಸವೆದಿವೆ. ಮನೆ ತಾಂಬರದಲ್ಲಿ, ಮೂರನೇ ಮಹಡಿ, ಲಿಫ್ಟಿಲ್ಲ. ಕಂಬಿ ಹಿಡಿದು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಾರೆ. ಮೆಟ್ಟಿಲಿಗೊಂದು "ಕೃಷ್ಣಾ", ತಿರುವು ಬಂದರೆ ಎರಡು. ಶ್ರಾದ್ಧದ ಊಟ ಮುಗಿಸಿ ಎಲ್ಲರೂ ಎಲೆಯಡಿಕೆ ಹಾಕಿಕೊಳ್ಳುವಾಗ ನಾನು ಇದನ್ನು ಮಾಡುತ್ತಿದ್ದೆ. ಮೊದಲು ನಗುತ್ತಿದ್ದವರು ದೊಡ್ಡಮ್ಮನೇ.

"ಸೊಂಟ ಅಷ್ಟು ಆಡಿಸ್ಬೇಡ ಕಣೋ, ನಾನೇನು ಡ್ಯಾನ್ಸರ್ರಾ?" ಎಂದು ತಿದ್ದುತ್ತಲೂ ಇದ್ದರು.

ನಾನು ಮನೆಯವರ ಲೆಕ್ಕದಲ್ಲಿ ಐಟಿ. ಅಂಬತ್ತೂರಿಗೆ ಹೋಗುತ್ತೇನೆ, ಕೊರಳಿಗೆ ಪಟ್ಟಿ ಹಾಕಿಕೊಂಡಿರುತ್ತೇನೆ, ಇನ್ನೇನು ಬೇಕು? ನಿಜದಲ್ಲಿ ನಾನು ಇಳಿಯುತ್ತಿದ್ದದ್ದು ಒಂದು ತಗಡಿನ ಶೆಡ್ಡಿನ ಮುಂದೆ. ಅದರ ಓನರ್ ಹಳೇ ಜೀಪುಗಳನ್ನು ಕೊಂಡು, ತಿದ್ದಿ, ಸಂಗ್ರಹಕಾರರಿಗೆ ಮಾರುತ್ತಿದ್ದ. ನನ್ನ ಕೆಲಸ ಫೋಟೋ ತೆಗೆಯುವುದು ಮತ್ತು ಫೋನಿನಲ್ಲಿ ಮಾತಾಡುವುದು. ಕೊರಳ ಪಟ್ಟಿಯ ತುದಿಯಲ್ಲಿ ಇದ್ದದ್ದು ಶೆಡ್ಡಿನ ಕಕ್ಕಸಿನ ಬೀಗದ ಕೈ.

ನಾನು ಶಾಲೆಯಲ್ಲಿದ್ದಾಗ ಇಂಥ ಜೀಪು ಇಟ್ಟುಕೊಂಡವರನ್ನು ಕಂಡರೆ ಜನ "ಇನ್ನೂ ತೂಕಕ್ಕೆ ಹಾಕಿಲ್ವಾ?" ಎನ್ನುತ್ತಿದ್ದರು. ಈಗ ಅದನ್ನೇ ಕೊಳ್ಳಲು ಸಾಲು ನಿಂತಿದ್ದಾರೆ. ಬೆಟ್ಟ ಹತ್ತುವ ಗಾಡಿಯನ್ನು ಕೊಂಡು, ಎಸಿ ಹಾಕಿದ ಕೋಣೆಯಲ್ಲಿ ನಿಲ್ಲಿಸಿ, ಭಾನುವಾರ ಸಮುದ್ರದ ದಂಡೆಯ ನುಣುಪಾದ ರಸ್ತೆಯಲ್ಲಿ ಎರಡು ಕಿಲೋಮೀಟರ್ ಓಡಿಸಿ ಒರೆಸಿಡುವ ಜನ. ಅವರಿಗೆ ಎಲ್ಲವೂ ಒರಿಜಿನಲ್ ಆಗಿರಬೇಕು. ಮುಖ್ಯವಾಗಿ ಇಂಜಿನ್ನು. ಪೆಟ್ರೋಲ್ ತುಟ್ಟಿಯಾದಾಗ ಬಹಳ ಜನ ಹಳೇ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂರಿಸಿಬಿಟ್ಟರು. ಹಾಗಾಗಿ ಹುಟ್ಟಿದಾಗಿನ ಪೆಟ್ರೋಲ್ ಇಂಜಿನ್ನೇ ಉಳಿದಿರುವ ಜೀಪು ಸಿಕ್ಕಿದರೆ ಓನರ್ ಚಪ್ಪಲಿ ಬಿಟ್ಟು ಹತ್ತಿರ ಹೋಗುತ್ತಿದ್ದ.

ನಮ್ಮ ದೊಡ್ಡಪ್ಪನ ಬಳಿ ಅಂಥದ್ದೇ ಒಂದು ಇತ್ತು. ರೈಲ್ವೆ ವರ್ಕ್‌ಶಾಪಿನಲ್ಲಿದ್ದಾಗ ಮಿಲಿಟರಿಯವರ ಹರಾಜಿನಲ್ಲಿ ಹಿಡಿದದ್ದು. ಪ್ರತಿ ನಟ್ಟನ್ನೂ ಸ್ವಂತ ಕೈಯಲ್ಲಿ ಬಿಗಿದವರು, ಇಂಜಿನ್ ಮಾತ್ರ ಬದಲಿಸಿರಲಿಲ್ಲ. ಒಂದು ಭಾನುವಾರ ಊಟಕ್ಕೆ ಹೋದಾಗ ಘೋಷಣೆ ಮಾಡಿದರು.

"ಮಾರ್‍ತಾ ಇದೀನಿ ಕಣೋ. ಪೇಪರಲ್ಲೂ ಹಾಕಿಸಿದೀನಿ, ಎಂಟು ಲಕ್ಷ. ನಿನ್ನ ದೊಡ್ಡಮ್ಮನ ಎರಡು ಮಂಡೀನೂ ಒಟ್ಟಿಗೆ ಆಪರೇಷನ್. ಡಾಕ್ಟರ್ ಹತ್ರ ಮಾತಾಡಿ ಆಯ್ತು."

"ಆಮೇಲೆ ನನ್ನ ನಡಿಗೆ ಬದಲಾಗತ್ತೆ, ನಿನ್ನ ಹೊಟ್ಟೆಪಾಡು ಹೋಯ್ತು" ಎಂದು ದೊಡ್ಡಮ್ಮ ನನ್ನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದರು.

ಮರುದಿನ ಶೆಡ್ಡಿನಲ್ಲಿ ಜಂಬ ಕೊಚ್ಚಿದೆ. ಓನರ್ ಕೈಯಲ್ಲಿದ್ದ ಟೀ ಕೆಳಗಿಟ್ಟ. "ಒರಿಜಿನಲ್ ಇಂಜಿನ್ನಾ, ತಂಬಿ? ಸರಿ. ಮೊದಲು ನೀನು ನಾಲ್ಕು ಜನ ಆಗು. ಆಮೇಲೆ ನಾನು ಹೋಗ್ತೀನಿ."

ಇದು ನಮ್ಮ ಶೆಡ್ಡಿನ ಪದ್ಧತಿ. ಓನರ್ ಹೋಗುವ ಮೊದಲು ನಾನು ಬೇರೆ ಬೇರೆ ಸಿಮ್ಮುಗಳಿಂದ, ಬೇರೆ ಬೇರೆ ಊರಿನ ಗಿರಾಕಿಗಳಾಗಿ ಫೋನ್ ಮಾಡುತ್ತಿದ್ದೆ. ಎಲ್ಲರೂ ಅದೇ ಒಂದು ಕುಂದು ಹೇಳಬೇಕು, ಒಬ್ಬರಿಗಿಂತ ಒಬ್ಬರು ಕಡಿಮೆ ಕೇಳಬೇಕು. ನಾಲ್ಕನೆಯವನ ಹೊತ್ತಿಗೆ ಮಾರುವವನು ಮೆತ್ತಗಾಗಿರುತ್ತಾನೆ, ಆಗ ಓನರ್ ಹೋಗಿ ದೇವರಂತೆ ಕಾಣಿಸುತ್ತಾನೆ. ಈ ಸಲ ನನಗೆ ಶೆಡ್ಡಿನ ಮೂಲೆಯಲ್ಲಿದ್ದ ಸೆಕೆಂಡ್‌ಹ್ಯಾಂಡ್ ಬೈಕು ಕೊಡುವ ಮಾತಾಯಿತು. ಯೋಚಿಸಲು ಒಂದು ದಿನ ಕೇಳಿದೆ ಎಂದು ಬರೆಯಬಹುದಿತ್ತು. ಕೇಳಲಿಲ್ಲ. ಮೊದಲನೆಯವನು ಯಾವ ಊರಿನವನಾಗಲಿ ಎಂದು ಕೇಳಿದೆ.

ಮೊದಲನೆಯವನು ವಾಲ್ಪಾರೈಯ ಟೀ ತೋಟದವನಾದ.

"ಡೀಸೆಲ್ ತಾನೆ ಸಾರ್?"

"ಇಲ್ಲ ಸಾರ್, ಒರಿಜಿನಲ್ ಪೆಟ್ರೋಲ್!" ದೊಡ್ಡಪ್ಪನ ದನಿಯಲ್ಲಿ ಎಂಥ ಠೀವಿ!

"ಅಯ್ಯಯ್ಯೋ. ಅದಕ್ಕೆ ಈಗ ಯಾರು ಸಾರ್ ಬರ್‍ತಾರೆ? ಐದು ಕೊಡ್ತೀನಿ."

ದೊಡ್ಡಪ್ಪ ನಕ್ಕು ಇಟ್ಟುಬಿಟ್ಟರು. ಎರಡು ದಿನ ಬಿಟ್ಟು ಬೆಂಗಳೂರಿನ ಡಾಕ್ಟರಾದೆ, ನಾಲ್ಕೂವರೆ ಕೇಳಿದೆ. ನಗಲಿಲ್ಲ. ಮೂರನೆಯದು ಪಾಲಕ್ಕಾಡಿನ ಹೋಟೆಲಿನವನು. ಅವನು ಇಂಜಿನ್ ಯಾವುದೆಂದು ಕೇಳಿದಾಗ ದೊಡ್ಡಪ್ಪ, ಯಾರಿಗೂ ಕೇಳಿಸಬಾರದೆಂಬಂತೆ, "ಪೆಟ್ರೋಲೇ" ಎಂದರು. ಮನೆಯ ಹುಡುಗಿಗೆ ಇರುವ ಯಾವುದೋ ಕಾಯಿಲೆಯನ್ನು ಬೀಗರ ಮುಂದೆ ಒಪ್ಪಿಕೊಳ್ಳುವ ಹಾಗೆ.

ನಾಲ್ಕನೆಯವನು ನನ್ನ ಹೆಮ್ಮೆ. ನಿವೃತ್ತ ಮೇಜರ್. ಗಂಟಲಲ್ಲಿ ಜಲ್ಲಿ, ಮಾತಿಗೊಂದು ಕೆಮ್ಮು, ಕನ್ನಡ ಅರ್ಧ, ಹಿಂದಿ ಕಾಲು. ಗಾಡಿ ಯಾಕೆ ಮಾರುತ್ತೀರಿ ಎಂದು ಮೇಜರ್ ಕೇಳಿದ. ದೊಡ್ಡಪ್ಪ ಮಂಡಿಯ ವಿಷಯ ಹೇಳಿದರು. ಮೇಜರನ ಹೆಂಡತಿಗೂ ಅದೇ ತೊಂದರೆಯಂತೆ! ದೊಡ್ಡಪ್ಪ ಫೋನನ್ನು ದೊಡ್ಡಮ್ಮನ ಕೈಗೇ ಕೊಟ್ಟರು.

"ಯಾವ ಕಾಲು ಜಾಸ್ತಿ ನೋವು, ಮೇಡಂ?"

"ಎಡಗಾಲು ಸಾರ್. ಬಲಗಾಲು ಅದನ್ನ ನೋಡ್ಕೊಂಡು ಕಲೀತಾ ಇದೆ."

ಕುರ್ಚಿಯಲ್ಲಿ ಕೂತು ಕಾಲನ್ನು ದಿನಕ್ಕೆ ಹತ್ತು ಸಲ ಎತ್ತಿ ಇಳಿಸಿ ಎಂದು ಮೇಜರ್ ಆಜ್ಞೆ ಮಾಡಿದ. ಹುಟ್ಟಿದಾಗಿನಿಂದ ನನ್ನನ್ನು ಎತ್ತಿ ಆಡಿಸಿದ ಹೆಂಗಸು ದನಿ ಗುರುತು ಹಿಡಿಯದೆ "ಆಗ್ಲಿ ಸಾರ್" ಎಂದರು. ಆ ಖುಷಿ ನನ್ನ ತಲೆಗೇರಿತು. ಫೋನು ಮತ್ತೆ ದೊಡ್ಡಪ್ಪನ ಕೈಗೆ ಬಂದಾಗ, ಓನರ್ ಹೇಳಿಕೊಟ್ಟಿರದ ಒಂದು ಮಾತನ್ನು ನಾನೇ ಸೇರಿಸಿದೆ. ಹೀಗೇ ಆದರೆ ಮೂರು, ಆದರೆ ಡೀಸೆಲ್ ಇಂಜಿನ್ ಇದ್ದಿದ್ದರೆ ಕಣ್ಣು ಮುಚ್ಚಿ ಎಂಟು ಎಣಿಸುತ್ತಿದ್ದೆ ಎಂದೆ.

"ಹದಿನೈದು ದಿನ ನೆನೀಲಿ" ಎಂದ ಓನರ್. ಹದಿನಾರನೆಯ ದಿನ ತಾಂಬರಕ್ಕೆ ಹೋದ. ನಾನು ಬೀದಿಯ ತುದಿಯ ಟೀ ಅಂಗಡಿಯಲ್ಲಿ ಕಾದೆ. ಸಿಗಲಿರುವ ಬೈಕಿಗೆ ಯಾವ ಬಣ್ಣ ಬಳಿಸಲಿ ಎಂದು ಯೋಚಿಸುತ್ತಿದ್ದೆ. ಓನರ್ ಬೇಗ ಬಂದ, ನನ್ನ ಪಕ್ಕ ಕೂತ.

"ನಿನ್ನ ಮೇಜರ್ ತುಂಬ ಚೆನ್ನಾಗಿ ಮಾತಾಡಿದಾನೆ, ತಂಬಿ."

ದೊಡ್ಡಪ್ಪ ಹಳೇ ವರ್ಕ್‌ಶಾಪ್ ಗೆಳೆಯನನ್ನು ಕರೆಸಿ ಡೀಸೆಲ್ ಇಂಜಿನ್ ಕೂರಿಸಿಬಿಟ್ಟಿದ್ದರು. ನಾಲ್ಕು ಊರಿನ ನಾಲ್ಕು ಜನ ಸೇರಿ ಸುಳ್ಳು ಹೇಳುತ್ತಾರೆಯೇ? ಒರಿಜಿನಲ್ ಇಂಜಿನ್ನನ್ನು ಗುಜರಿಯವನು ತೂಕಕ್ಕೆ ಒಯ್ದು, ಅದೇ ವಾರ ಸುತ್ತಿಗೆಯಲ್ಲಿ ಒಡೆದಿದ್ದ. ಓನರ್ ಟೀ ಕುಡಿದು, ನನ್ನದಕ್ಕೂ ಕಾಸು ಕೊಟ್ಟು, ನಾಳೆಯಿಂದ ಬರಬೇಡ ಎಂದ. ಹೋಗುವಾಗ ಬೀಗದ ಕೈ ಕೇಳಿ ಇಸಕೊಂಡ.

ಮುಂದಿನ ಭಾನುವಾರ ದೊಡ್ಡಪ್ಪನೇ ಕರೆದರು. ಕ್ಯಾಲೆಂಡರ್ ಹಾಳೆಯ ಹಿಂದೆ ನಾಲ್ಕು ನಂಬರು ಬರೆದಿಟ್ಟುಕೊಂಡಿದ್ದರು. ಮೇಜರ್ ಎಂಬುದರ ಕೆಳಗೆ ಎರಡು ಗೆರೆ.

"ಎಷ್ಟು ಸಲ ಮಾಡಿದ್ರೂ ಸ್ವಿಚ್ ಆಫ್ ಅಂತಾಳೆ. ನನ್ನ ನಂಬರ್ ನೋಡಿ ಹೀಗೆ ಮಾಡ್ತಾರೋ ಏನೋ. ನಿನ್ನ ಫೋನಿಂದ ಹಾಕು. ಯಾರಾದ್ರೂ ದೊಡ್ಡ ಮನುಷ್ಯರ ದನೀಲಿ ಮಾತಾಡು, ನಿಂಗೆ ಬರತ್ತಲ್ಲ. ಡೀಸೆಲ್ ಆಯ್ತು ಅಂತ ಹೇಳ್ಬಿಡು, ಸಾಕು."

ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಡಯಲ್ ಮಾಡಿದೆ. ಆ ಸಿಮ್ಮು ಓನರನ ಡಬ್ಬಿಯಲ್ಲಿ ಬಿದ್ದಿತ್ತು. ಸ್ವಿಚ್ ಆಫ್ ಎಂದ ಹೆಣ್ಣುದನಿಗೆ ನಾನು ಕಲೆಕ್ಟರನ ದನಿಯಲ್ಲಿ ನಮಸ್ಕಾರ ಹೇಳಿದೆ. ಹೂಂ, ಹೂಂ ಎಂದೆ. "ಓ, ಯಾವಾಗ?" ಎಂದೆ. ಫೋನ್ ಇಳಿಸಿ, ನನ್ನದೇ ದನಿಯಲ್ಲಿ, ಮೇಜರ್ ಹೋದ ವಾರ ತೀರಿಕೊಂಡರಂತೆ ಎಂದೆ. ಬೇರೇನೂ ಹೊಳೆಯಲಿಲ್ಲ.

ದೊಡ್ಡಪ್ಪ ಕುರ್ಚಿಗೆ ಒರಗಿದರು.

"ಪಾವಂ" ಎಂದರು ದೊಡ್ಡಮ್ಮ. "ಆಯಮ್ಮ ಒಬ್ಬರೇ ಆಗ್ಬಿಟ್ರಲ್ಲೋ. ಅವರ ಮಂಡಿ ಬೇರೆ ಸರಿ ಇಲ್ಲ." ಸೆರಗಿನಿಂದ ನಿಜವಾಗಿಯೂ ಕಣ್ಣೊರೆಸಿಕೊಂಡರು.

ಸ್ವಲ್ಪ ಹೊತ್ತಿನ ಮೇಲೆ ದೊಡ್ಡಪ್ಪ ಪೆನ್ನು ತೆಗೆದು ಆ ನಂಬರಿನ ಮೇಲೆ ಗೆರೆ ಎಳೆದು, ಹಾಳೆಯನ್ನು ನನ್ನ ಕಡೆ ತಿರುಗಿಸಿದರು. "ಸರಿ, ಈಗ ಆ ಬೆಂಗಳೂರಿನ ಡಾಕ್ಟರಿಗೆ ಹಾಕು."

ಡಾಕ್ಟರನ್ನು ದುಬೈಗೆ ಕಳಿಸಿದೆ. ತೋಟದವನು ಬೇರೆ ಗಾಡಿ ಕೊಂಡಿದ್ದ. ಹೋಟೆಲಿನವನು ರಾಂಗ್ ನಂಬರ್ ಆದ.

ಜೀಪು ಈಗ ಕಾಸಿಮೇಡಿನಲ್ಲಿ ಮೀನಿಗೆ ಹಾಕುವ ಐಸು ಹೊರುತ್ತಿದೆ. ಅದರಿಂದ ಬಂದದ್ದಕ್ಕೆ ಒಂದು ಮಂಡಿಯಾಯಿತು. ಯಾವುದು ಮಾಡಲಿ ಎಂದು ಡಾಕ್ಟರು ದೊಡ್ಡಮ್ಮನನ್ನೇ ಕೇಳಿದರಂತೆ, ಚಪ್ಪಲಿ ಅಂಗಡಿಯವರ ಹಾಗೆ. ಎಡಗಾಲು ಹೊಸದಾಗಿದೆ. ಬಲಗಾಲಿಗೆ ಮೇಜರ್ ಹೇಳಿದ ವ್ಯಾಯಾಮ ನಡೆದಿದೆ. ನಾನು ಹೋದಾಗಲೆಲ್ಲ ಎದುರು ಕೂರಿಸಿಕೊಂಡು ಎಣಿಸಲು ಹೇಳುತ್ತಾರೆ. ಮೇಜರ್ ದನಿಯಲ್ಲೇ ಎಣಿಸಬೇಕು. ಪಾಪ, ನೀನು ಕೇಳಿಲ್ಲ ಅಲ್ವಾ ಎಂದು ಅವರೇ ಕೆಮ್ಮಿ ತೋರಿಸಿಕೊಡುತ್ತಾರೆ. ನಾನು ಬೇಕೆಂದೇ ಕೆಟ್ಟದಾಗಿ ಮಾಡುತ್ತೇನೆ, ಕಾಲು ಹತ್ತು ಸಲ ಏರಿ ಇಳಿಯುವವರೆಗೂ.

"ಥೂ, ಒಂಚೂರೂ ಬರ್ಲಿಲ್ಲ ಕಣೋ" ಎನ್ನುತ್ತಾರೆ ದೊಡ್ಡಮ್ಮ. "ನಾಳೆ ಬಂದು ಇನ್ನೊಂದು ಸಲ ಮಾಡು."