ಕರಾಚಿಗಿ ಹೊಂಟ ರೊಟ್ಟಿ

ಚಿತ್ತಾಪುರದಿಂದ ವಾಡಿ ತನಕ ಬಸ್ಸಿನಾಗ ನಾನು ರೊಟ್ಟಿ ಗಂಟು ತೊಡಿಮ್ಯಾಲೆ ಇಟ್ಕೊಂಡು ಕುಂತಿದ್ದೆ. ಬಸ್ಸು ಕುಣದ ಕುಣತಕ್ಕ ನನ್ನ ನಾಕು ಎಲುಬು ಮುರದಾವ, ರೊಟ್ಟಿ ಒಂದೂ ಮುರದಿಲ್ಲ. ಬಿಳಿ ಅರಬಿ ಸುತ್ತಿ ಹೊಲದಿದ್ದ ಆ ಖಡಕ್ ಜ್ವಾಳದ ರೊಟ್ಟಿ ನಮ್ಮ ಬಾಜೂ ಮನಿ ಖಾಲಾಂದು; ಚಿಕ್ಕವ್ವ ಅಂದಂಗ ಅಕಿಗಿ ಖಾಲಾ ಅಂತೀವಿ. ಲಗ್ನ ಆಗಿ ಕರಾಚಿಗಿ ಹೋದ ಅಕಿ ಅಕ್ಕಗ ಈಗ ಭಾಳ ಆರಾಮಿಲ್ಲ. ಊರ ರೊಟ್ಟಿನೇ ಬೇಕಂತ ಹಟ ಹಿಡದಾಳ.

"ಖಾಲಾ, ಇದನ್ನ ನೋಡಿದ್ರ ಬಾರ್ಡರಿನ ಸಿಪಾಯಿ ಬಂದೂಕ ಬಿಟ್ಟು ತಾಟು ಹಿಡಿತಾನ ನೋಡ್ರಿ," ಅಂದೆ. ಬಾಜೂ ಸೀಟಿನಾಗ ಕುಂತಿದ್ದ ಅಕಿ ನಕ್ಕಳು.

ವಾಡಿ ಪೋಸ್ಟಿನ ಸಾಹೇಬ್ರು ಅಡ್ರೆಸ್ ಓದಿ ಗಂಟು ಹಿಂದಕ್ಕ ಸರಿಸಿದ್ರು. "ಪಾಕಿಸ್ತಾನಕ್ಕ ಟಪಾಲು ಬಂದ್ ಆಗ್ಯಾದರಿ ಅಮ್ಮ. ಎರಡೂ ಸರ್ಕಾರದೋರು ಮಾತು ಬಿಟ್ಟಾರ."

"ಮೊದಲ ಅಕ್ಕನೇ ಬರ್ತಿದ್ದಳು. ಆಮ್ಯಾಲ ಅಕಿಗಿ ವೀಸಾ ಕೊಡಲಿಲ್ಲ, ಬರೇ ಪತ್ರ ಬರ್ತಿದ್ವು," ಅಂದಳು ಖಾಲಾ. "ಈಗ ರೊಟ್ಟಿಗೂ ವೀಸಾ ಬೇಕೇನ್ರಿ?"

ಸಾಹೇಬ್ರು ಗಂಟು ಎತ್ತಿ ಅಕಿ ಕೈಯಾಗ ಕೊಟ್ಟರು. ಆ ಸಿಪಾಯಿ ಜೋಕು ಯಾಕರ ಹೇಳಿದ್ನೋ ಅನಿಸ್ತು ನನಗ.

ಖಾಲಾ ಗಂಟು ಎದಿಗಿ ಅವಚಿಕೊಂಡು ಬಾಗಲ ತನಕ ಹೋಗಿ, ತಿರುಗಿ ಬಂದಳು.

"ದುಬೈಗಿ ಹೋಗ್ತದೇನ್ರಿ? ಅಲ್ಲಿಂದ ಕರಾಚಿಗಿ ಟಪಾಲು ಬಂದ್ ಆಗಿಲ್ಲಂತ."

"ಹೋಗ್ತದ. ಅಲ್ಲಿ ಯಾರದಾರ ನಿಮ್ಮೋರು?"

"ಯಾರೂ ಇಲ್ಲ," ಅಂದಳು.